ಅರಿಕೆಯಿಂದ ಹೊಣೆಗೆ: ಮೈಸೂರಿನ ರಾಜ್ಯಾಂಗವು ಬದಲಾದ ಬಗೆ

ರಾಜ್ಯಾಂಗವೆಂಬ ಮಾತು ಕಿವಿಗೆ ಬಿದ್ದೊಡನೆ ನಮ್ಮಲ್ಲಿ ಹಲವರ ಮನಸ್ಸು ದೆಹಲಿಯ ಕಡೆಗೆ ಓಡುತ್ತದೆ. ಅದು ಪಂಡಿತರೂ ನ್ಯಾಯವಾದಿಗಳೂ ಕೂಡಿ ರಚಿಸಿದ ಒಂದು ದೊಡ್ಡ ಗ್ರಂಥ. ಕೈಲಾಂಚದಂತಹ ಹೋಬಳಿಯ ರಾಗಿಯ ಹೊಲಕ್ಕೂ ಹಿಪ್ಪುನೇರಳೆಯ ತೋಟಕ್ಕೂ ಅದರಿಂದ ಆಗಬೇಕಾದುದೇನು ಎಂಬ ಭಾವನೆ ಸಾಮಾನ್ಯವಾಗಿದೆ. ವಿಚಾರ ಮಾಡಿ ನೋಡಿದರೆ ಸಂಗತಿಯು ಇದಕ್ಕೆ ತಿರುಗುಮುರುಗಾಗಿರುವುದು ಕಂಡುಬರುತ್ತದೆ. ಕಂದಾಯ ಭಾರವಾಯಿತು, ಕೆರೆಯ ಏರಿ ಕುಸಿಯಿತು, ಓದಿದ ಮಗನಿಗೆ ಕೆಲಸ ದೊರೆಯಲಿಲ್ಲ ಎಂಬ ಅಳಲು ಮೊದಲು ಹುಟ್ಟುವುದು ಇಂತಹ ಹೊಲಗಳಲ್ಲಿಯೇ. ಆ ಅಳಲನ್ನು ಯಾರ ಮುಂದೆ ಹೇಳಬೇಕು? ಹೇಳಿದ ಮೇಲೆ ಕೇಳಿದವನು ಉತ್ತರ ಕೊಡಲೇಬೇಕೆ, ಅಥವಾ ಕೊಟ್ಟರೆ ಕೊಟ್ಟ, ಬಿಟ್ಟರೆ ಬಿಟ್ಟ ಎಂಬಂತೆಯೆ? ಈ ಎರಡು ಪ್ರಶ್ನೆಗಳಿಗೆ ಒಂದು ನಾಡು ಬರೆದಿಟ್ಟುಕೊಂಡ ಉತ್ತರವೇ ಅದರ ರಾಜ್ಯಾಂಗ.

ನಮ್ಮ ಮೈಸೂರು ಸಂಸ್ಥಾನವು ೧೮೮೧ರಿಂದ ೧೯೫೦ರ ವರೆಗಿನ ಸುಮಾರು ೭೦ ವರ್ಷಗಳೊಳಗೆ ನಾಲ್ಕು ಸಲ ಈ ಉತ್ತರವನ್ನು ಹೊಸದಾಗಿ ಬರೆದುಕೊಂಡಿತು. ನಾಲ್ಕು ಸಲವೂ ಬರವಣಿಗೆಗೆ ಮೊದಲು ಜನರ ಅತೃಪ್ತಿಯಾಗಲಿ ಸಂಕಟವಾಗಲಿ ಇದ್ದೇ ಇದ್ದಿತು. ಮೊದಲನೆಯ ಪ್ರಶ್ನೆಗೆ, ಎಂದರೆ ಹೇಳಿಕೊಳ್ಳುವ ಸ್ಥಳ ಯಾವುದೆಂಬುದಕ್ಕೆ, ಮೈಸೂರು ಬಹು ಬೇಗನೆ ಒಳ್ಳೆಯ ಉತ್ತರವನ್ನು ಕೊಟ್ಟಿತು. ಎರಡನೆಯದಕ್ಕೆ, ಎಂದರೆ ಕೇಳುವವನ ಹೊಣೆ ಏನೆಂಬುದಕ್ಕೆ, ಉತ್ತರವನ್ನು ಮುಂದಕ್ಕೆ ತಳ್ಳುತ್ತ ಬಂದಿತು. ತಳ್ಳಿದಷ್ಟೂ ಅತೃಪ್ತಿಯು ಬೇರೊಂದು ರೂಪದಲ್ಲಿ ಮರಳಿತು. ಈ ಕಥೆಯನ್ನು ವಾಚಕರ ಮುಂದೆ ಇಡುವುದು ಈ ಲೇಖನದ ಉದ್ದೇಶ.

ಹೇಳಿಕೊಳ್ಳಲು ಸ್ಥಳವೇ ಇಲ್ಲದಿದ್ದಾಗ ಏನಾಯಿತೆಂಬುದನ್ನು ಮೊದಲು ನೋಡೋಣ. ೧೭೯೯ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಮೇಲೆ ಇಂಗ್ಲಿಷರು ಮೈಸೂರನ್ನು ಬಾಲಕರಾಗಿದ್ದ ಮುಮ್ಮಡಿ ಕೃಷ್ಣರಾಜ ಒಡೆಯರವರಿಗೆ ಬಿಟ್ಟುಕೊಟ್ಟರು. ದಿವಾನ್ ಪೂರ್ಣಯ್ಯನವರು ಮೊದಲನೆಯ ರೆಸಿಡೆಂಟ್ ಬ್ಯಾರಿ ಕ್ಲೋಸನ ಹೆಸರಿನಲ್ಲಿ ಕ್ಲೋಸ್‌ಪೇಟೆಯನ್ನು ಕಟ್ಟಿಸಿದ್ದು ಆ ಕಾಲದಲ್ಲಿ. ಅದೇ ಮುಂದೆ ರಾಮನಗರವೆನಿಸಿತು. ಒಡೆಯರವರು ಸ್ವತಃ ಆಳತೊಡಗಿದ ಮೇಲೆ ಕಂದಾಯದ ಅಧಿಕಾರಿಗಳು ಇಂತಿಷ್ಟು ಹಣವನ್ನು ಕೊಟ್ಟೇ ತೀರುವೆವೆಂದು ಒಪ್ಪಿಕೊಂಡು, ಅದನ್ನು ರೈತರಿಂದ ಹಿಂಡಿ ತೆಗೆಯುವ ಪದ್ಧತಿ ಬೆಳೆಯಿತು. ೧೮೩೦ರಲ್ಲಿ ನಗರದ ಸೀಮೆಯ ರೈತರು ಕೂಟಗಳನ್ನು ಕಟ್ಟಿಕೊಂಡು ಕಂದಾಯ ಕೊಡಲೊಲ್ಲೆವೆಂದು ನಿಂತರು. ದಂಗೆಯು ಹಬ್ಬಿ ಸೈನ್ಯವನ್ನು ಕಳುಹಿಸಬೇಕಾಯಿತು. ೧೮೩೧ರಲ್ಲಿ ಇಂಗ್ಲಿಷರು ಅದನ್ನೇ ಕಾರಣವಾಗಿ ಹೇಳಿ ಆಡಳಿತವನ್ನು ತಮ್ಮ ಕೈಗೆ ತೆಗೆದುಕೊಂಡರು. ಮರಳಿ ಕೊಡುವುದಕ್ಕೆ ೫೦ ವರ್ಷ ಹಿಡಿಯಿತು. ರೈತನ ದೂರನ್ನು ಕೇಳುವ ಬಾಗಿಲಿಲ್ಲದ ಕಾರಣ ಅರಸನ ಸಿಂಹಾಸನವೇ ಅಲುಗಿತು. ಈ ಪಾಠವನ್ನು ಮೈಸೂರಿನ ಮುತ್ಸದ್ದಿಗಳು ಮರೆಯಲಿಲ್ಲ.

೧೮೮೧ನೆಯ ಇಸವಿ ಮಾರ್ಚ್ ೨೫ರಂದು ರಾಜ್ಯವು ಚಾಮರಾಜೇಂದ್ರ ಒಡೆಯರವರಿಗೆ ಹಿಂದಿರುಗಿ ಬಂದಿತು. ಆ ಸಂದರ್ಭದ ಹಸ್ತಾಂತರಪತ್ರವೇ ಹೊಸ ಮೈಸೂರಿನ ಮೊದಲನೆಯ ಬರಹದ ರಾಜ್ಯಾಂಗವೆನ್ನಬೇಕು. ಅದರಲ್ಲಿ ಪ್ರಜೆಗಳ ಹಕ್ಕಿನ ಮಾತಿಲ್ಲ. ವರ್ಷಕ್ಕೆ ೩೫ ಲಕ್ಷ ರೂಪಾಯಿ ಪೊಗದಿ ಸಲ್ಲಬೇಕು, ಜಾರಿಯಲ್ಲಿರುವ ಕಾನೂನುಗಳ ವ್ಯವಸ್ಥೆಯನ್ನು ಗವರ್ನರ್ ಜನರಲ್ಲರ ಒಪ್ಪಿಗೆಯಿಲ್ಲದೆ ಮುಖ್ಯವಾಗಿ ಬದಲಿಸಕೂಡದು ಎಂಬಂತಹ ಕಟ್ಟುಪಾಡುಗಳೇ ಹೆಚ್ಚು. ೧೯೧೩ರಲ್ಲಿ ಈ ಪತ್ರದ ಸ್ಥಾನಕ್ಕೆ ಹೆಚ್ಚು ಗೌರವದ ಒಡಂಬಡಿಕೆ ಬಂದಿತಾದರೂ ಮೇಲಿನ ಹಿಡಿತವು ತಪ್ಪಲಿಲ್ಲ. ಅರಸರು ಮೇಲಕ್ಕೆ ಹೊಣೆಗಾರರು; ಕೆಳಕ್ಕೆ ಯಾವ ಹೊಣೆಯೆಂಬುದನ್ನು ಪತ್ರವು ಹೇಳಲಿಲ್ಲ.

ಆ ಕೊರತೆಯನ್ನು ತುಂಬಲು ಯತ್ನಿಸಿದವರು ದಿವಾನ್ ರಂಗಾಚಾರ್ಲು ಅವರು. ಸಂಸ್ಥಾನವು ಆಗತಾನೇ ೧೮೭೬-೭೮ರ ಮಹಾಕ್ಷಾಮದಿಂದ ಎದ್ದಿದ್ದಿತು. ೧೮೭೧ರ ಜನಗಣತಿಯಲ್ಲಿ ಸುಮಾರು ೫೦ ಲಕ್ಷವಿದ್ದ ಜನಸಂಖ್ಯೆಯು ೧೮೮೧ರಲ್ಲಿ ೪೨ ಲಕ್ಷಕ್ಕೆ ಇಳಿದಿದ್ದಿತು. ಕ್ಷಾಮಕಾಲದಲ್ಲಿ ಹೊಟ್ಟೆಗಿಲ್ಲದ ಜನಕ್ಕೆ ಕೂಲಿ ಕೊಡಲೆಂದು ಆರಂಭವಾದ ರೈಲುದಾರಿಯು ಕ್ಲೋಸ್‌ಪೇಟೆ, ಚನ್ನಪಟ್ಟಣಗಳ ಮೇಲೆ ಹಾದು ೧೮೮೨ರಲ್ಲಿ ಮೈಸೂರನ್ನು ಮುಟ್ಟಿತು. ಹಳ್ಳಿಯ ಸ್ಥಿತಿ ಅಧಿಕಾರಿಗಳಿಗೆ ಸಕಾಲದಲ್ಲಿ ತಿಳಿಯದಿದ್ದರೆ ಏನು ಅನಾಹುತವಾಗುವುದೆಂಬುದನ್ನು ನಾಡು ಕಣ್ಣಾರೆ ಕಂಡಿದ್ದಿತು. ರಂಗಾಚಾರ್ಲು ಅವರು ೧೮೮೧ರ ಅಕ್ಟೋಬರ್ ೭ರಂದು ದಸರೆಯ ಕಾಲದಲ್ಲಿ ಪ್ರಜಾಪ್ರತಿನಿಧಿ ಸಭೆಯನ್ನು ಸೇರಿಸಿದರು. ೧೪೪ ಮಂದಿ ರೈತರೂ ವರ್ತಕರೂ ತಾಲ್ಲೂಕುಗಳಿಂದ ಬಂದರು. ದಿವಾನರು ವರ್ಷದ ಆಡಳಿತದ ವಿವರವನ್ನು ಅವರ ಮುಂದೆ ಓದಿದರು. ಸದಸ್ಯರು ತಮ್ಮ ತಮ್ಮ ಸೀಮೆಯ ಕಷ್ಟಗಳನ್ನು ಅರಿಕೆ ಮಾಡಿಕೊಂಡರು. ಭರತಖಂಡದ ದೇಶೀಯ ಸಂಸ್ಥಾನಗಳಲ್ಲಿ ಇಂತಹ ಸಭೆಯು ಅದೇ ಮೊದಲು.

ಅರಿಕೆಯೆಂಬ ಮಾತನ್ನು ವಾಚಕರು ಗಮನಿಸಬೇಕು. ಅದರಲ್ಲಿ ವಿನಯವಿದೆ, ವಿಶ್ವಾಸವಿದೆ, ಅಧಿಕಾರವಿಲ್ಲ. ಅರಿಕೆಯನ್ನು ಕೇಳಿದವರು ಮನ್ನಿಸಬಹುದು, ಮರೆಯಲೂಬಹುದು. ಸಭೆಯು ಮತ ಹಾಕಿ ಸರ್ಕಾರವನ್ನು ಕಟ್ಟಿಹಾಕುವಂತಿರಲಿಲ್ಲ. ಹಾಗೆಂದು ಈ ಏರ್ಪಾಡನ್ನು ಹಗುರವಾಗಿ ಕಾಣುವುದು ಅನ್ಯಾಯ. ಅಮಲ್ದಾರನ ಮುಂದೆ ನಿಲ್ಲಲೂ ಅಂಜುತ್ತಿದ್ದ ರೈತನು ದಿವಾನರೆದುರು ಎದ್ದು ನಿಂತು ತನ್ನ ತಾಲ್ಲೂಕಿನ ಹೆಸರು ಹೇಳಿ ಮಾತನಾಡಿದನು. ಮಾತನಾಡಿದವನ ಬೆನ್ನುಮೂಳೆ ಮತ್ತೆ ಮೊದಲಿನಂತೆ ಬಾಗುವುದಿಲ್ಲ. ೧೮೯೧ರಲ್ಲಿ ಸರ್ ಕೆ. ಶೇಷಾದ್ರಿ ಅಯ್ಯರವರ ಕಾಲದಲ್ಲಿ ಸದಸ್ಯರನ್ನು ಚುನಾಯಿಸುವ ಪದ್ಧತಿಯೂ ಬಂದಿತು. ಆದರೆ ಮತವಿದ್ದದ್ದು ಆಸ್ತಿವಂತರಿಗೂ ವಿದ್ಯಾವಂತರಿಗೂ ಮಾತ್ರ.

೧೯೦೭ರಲ್ಲಿ ದಿವಾನ್ ವಿ. ಪಿ. ಮಾಧವರಾಯರ ಕಾಲದಲ್ಲಿ ಕಾನೂನುಗಳನ್ನು ಚರ್ಚಿಸಲು ನ್ಯಾಯವಿಧಾಯಕ ಸಭೆಯೆಂಬ ಎರಡನೆಯ ಸಭೆ ಹುಟ್ಟಿತು. ಮರುವರ್ಷವೇ, ೧೯೦೮ರಲ್ಲಿ, ವೃತ್ತಪತ್ರಿಕೆಗಳನ್ನು ಬಿಗಿಹಿಡಿಯುವ ಕಾನೂನೂ ಜಾರಿಗೆ ಬಂದಿತು. ಒಂದು ಕೈಯಿಂದ ಮಾತಿಗೆ ಮಂಟಪವನ್ನು ಕಟ್ಟಿ ಇನ್ನೊಂದು ಕೈಯಿಂದ ಮಾತಿಗೆ ಬೀಗವನ್ನು ಹಾಕಿದಂತೆ ಅದು ಹಲವರಿಗೆ ತೋರಿತು. ಸಭೆಗಳ ಸಂಖ್ಯೆ ಹೆಚ್ಚಿದ ಮಾತ್ರಕ್ಕೆ ಹೊಣೆ ಹೆಚ್ಚುವುದಿಲ್ಲವೆಂಬುದು ಆಗಲೇ ಕೆಲವರಿಗೆ ಹೊಳೆಯತೊಡಗಿತು.

ಮುಂದಿನ ಅತೃಪ್ತಿಯು ಹುಟ್ಟಿದ್ದು ಬೇರೊಂದು ದಿಕ್ಕಿನಿಂದ. ಸರ್ಕಾರದ ಕೆಲಸಗಳಲ್ಲಿ ಬಹುಭಾಗವು ಒಂದೇ ಸಮುದಾಯದ ಕೈಯಲ್ಲಿದೆಯೆಂದು ಇತರ ಸಮುದಾಯಗಳವರು ಬಹುಕಾಲದಿಂದ ನೊಂದಿದ್ದರು. ಕಂದಾಯ ಕೊಡುವವರು ತಾವು, ಕಚೇರಿಯಲ್ಲಿ ಕುಳಿತು ಅದನ್ನು ಬರೆದುಕೊಳ್ಳುವವರಲ್ಲಿ ತಮ್ಮವರು ಒಬ್ಬರೂ ಇಲ್ಲವೆಂಬುದು ಅವರ ಅಳಲು. ೧೯೧೭ರಲ್ಲಿ ಒಕ್ಕಲಿಗರು, ವೀರಶೈವರು, ಮುಸಲ್ಮಾನರು ಮೊದಲಾದವರ ಮುಖಂಡರು ಸೇರಿ ಪ್ರಜಾಮಿತ್ರ ಮಂಡಲಿಯನ್ನು ಸ್ಥಾಪಿಸಿದರು. ಅವರ ಬಿನ್ನಹವನ್ನು ನಾಲ್ವಡಿ ಕೃಷ್ಣರಾಜ ಒಡೆಯರವರು ಲಾಲಿಸಿ, ೧೯೧೮ರಲ್ಲಿ ಮುಖ್ಯ ನ್ಯಾಯಾಧೀಶರಾಗಿದ್ದ ಸರ್ ಲೆಸ್ಲಿ ಮಿಲ್ಲರವರ ಅಧ್ಯಕ್ಷತೆಯಲ್ಲಿ ಒಂದು ಸಮಿತಿಯನ್ನು ನೇಮಿಸಿದರು. ಏಳು ವರ್ಷಗಳೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧದಷ್ಟೂ ಕೆಳಗಿನ ಹುದ್ದೆಗಳಲ್ಲಿ ಮೂರರಲ್ಲಿ ಎರಡು ಪಾಲೂ ಹಿಂದುಳಿದ ಸಮುದಾಯಗಳಿಗೆ ದೊರೆಯಬೇಕೆಂದು ಆ ಸಮಿತಿಯು ೧೯೧೯ರಲ್ಲಿ ಸಲಹೆ ಮಾಡಿತು. ಅದಕ್ಕೆ ಮೊದಲೇ ದಿವಾನ್ ವಿಶ್ವೇಶ್ವರಯ್ಯನವರು ಅಧಿಕಾರವನ್ನು ಬಿಟ್ಟಿದ್ದರು. ಯೋಗ್ಯತೆಯೊಂದೇ ಅಳತೆಗೋಲಾಗಬೇಕೆಂಬ ಅವರ ನಿಲುವು ಸರ್ವವಿದಿತವಾಗಿದೆ. ಈ ಎರಡು ಪಕ್ಷಗಳ ನಡುವಣ ವಾದವು ನೂರು ವರ್ಷ ಕಳೆದ ಮೇಲೆಯೂ ಮುಗಿದಿಲ್ಲವಾದುದರಿಂದ ಅದರ ತೀರ್ಪನ್ನು ಇಲ್ಲಿ ಹೇಳಲು ನಾವು ಹೊರಡುವುದಿಲ್ಲ. ಒಂದು ಮಾತನ್ನು ಮಾತ್ರ ಗುರುತಿಸಬೇಕು. ಅತೃಪ್ತಿಯು ಈಗ ಕೆರೆಕಟ್ಟೆಯ ಅರಿಕೆಯಾಗಿ ಉಳಿಯಲಿಲ್ಲ. ಅಧಿಕಾರದಲ್ಲಿ ಪಾಲು ಕೇಳುವ ಮಾತಾಯಿತು.

ಈ ಹಿನ್ನೆಲೆಯಲ್ಲಿ ಎರಡನೆಯ ಬರವಣಿಗೆ ನಡೆಯಿತು. ಮೈಸೂರು ವಿಶ್ವವಿದ್ಯಾನಿಲಯದ ಉಪಕುಲಪತಿಗಳೂ ಪ್ರಸಿದ್ಧ ತತ್ತ್ವಜ್ಞರೂ ಆಗಿದ್ದ ಬ್ರಜೇಂದ್ರನಾಥ ಶೀಲರ ಅಧ್ಯಕ್ಷತೆಯಲ್ಲಿ ನೇಮಕವಾದ ಸಮಿತಿಯು ೧೯೨೩ರಲ್ಲಿ ವರದಿಯನ್ನೊಪ್ಪಿಸಿತು. ಅದೇ ವರ್ಷ ಎರಡು ಸಭೆಗಳಿಗೂ ಕಾನೂನಿನ ತಳಹದಿ ದೊರೆಯಿತು. ಅಲ್ಲಿಯ ವರೆಗೆ ಪ್ರಜಾಪ್ರತಿನಿಧಿ ಸಭೆಯು ಸರ್ಕಾರದ ಆಜ್ಞೆಯಿಂದ ನಡೆಯುತ್ತಿದ್ದಿತು. ಈಗ ಅದು ಶಾಸನಬದ್ಧವಾಯಿತು. ಸದಸ್ಯರ ಸಂಖ್ಯೆ ೨೭೫ಕ್ಕೆ ಏರಿತು. ಹೊಸ ತೆರಿಗೆಯನ್ನು ಹಾಕುವುದಕ್ಕೆ ಮೊದಲು ಸಭೆಯ ಅಭಿಪ್ರಾಯವನ್ನು ಕೇಳಬೇಕೆಂಬ ನಿಯಮ ಬಂದಿತು. ೫೦ ಸದಸ್ಯರ ನ್ಯಾಯವಿಧಾಯಕ ಸಭೆಯು ಆಯವ್ಯಯದ ಬಾಬುಗಳ ಮೇಲೆ ಮತ ಕೊಡುವಂತಾಯಿತು. ಮತದಾರನಾಗಲು ಇರಬೇಕಾಗಿದ್ದ ಆಸ್ತಿಯ ಮಿತಿ ತಗ್ಗಿತು. ಸ್ತ್ರೀಯೆಂಬ ಕಾರಣಕ್ಕೆ ಮತವನ್ನು ನಿರಾಕರಿಸುವ ಕಟ್ಟಳೆಯು ಹೋಯಿತು. ಆ ಕಾಲಕ್ಕೆ ಇವು ಸಣ್ಣ ಸಂಗತಿಗಳಲ್ಲ.

ಇಷ್ಟಾದರೂ ಮುಖ್ಯವಾದ ಒಂದು ಕೀಲಿಕೈಯು ಹಳೆಯ ಸ್ಥಳದಲ್ಲಿಯೇ ಉಳಿಯಿತು. ದಿವಾನರನ್ನು ನೇಮಿಸುವವರು ಮಹಾರಾಜರು, ತೆಗೆಯುವವರೂ ಮಹಾರಾಜರೇ. ಎರಡು ಸಭೆಗಳೂ ಒಮ್ಮತದಿಂದ ಬೇಡವೆಂದರೂ ಸರ್ಕಾರವು ಬೀಳುವಂತಿರಲಿಲ್ಲ. ಪಾಶ್ಚಾತ್ಯ ಪಾರ್ಲಿಮೆಂಟಿನ ಪಕ್ಷಜಗಳಗಳು ಮೈಸೂರಿಗೆ ಬೇಡ, ಅರಸನು ಎಲ್ಲ ಪಕ್ಷಗಳಿಗೂ ಮೇಲಿನವನಾಗಿ ನಾಡಿನ ಸಮಗ್ರತೆಯನ್ನು ಕಾಯಲಿ, ಸಭೆಯು ಜನರ ಮನಸ್ಸನ್ನು ತಿಳಿಸಲಿ ಎಂಬುದು ಆ ಸುಧಾರಣೆಯ ಹಿಂದಿನ ತತ್ತ್ವ. ಅರಸರು ನಾಲ್ವಡಿಯವರಂತಹ ರಾಜರ್ಷಿಗಳಾಗಿದ್ದುದರಿಂದ ಈ ತತ್ತ್ವವು ಹಲವರಿಗೆ ಸಮಾಧಾನವನ್ನೂ ಕೊಟ್ಟಿತು. ಆದರೆ ರಾಜ್ಯಾಂಗವೆಂಬುದನ್ನು ಬರೆಯಬೇಕಾದದ್ದು ಒಳ್ಳೆಯ ಅರಸನ ಕಾಲಕ್ಕಾಗಿ ಅಲ್ಲವಷ್ಟೆ. ಒಳ್ಳೆಯವನಿದ್ದಾಗ ಬರಹವಿಲ್ಲದೆಯೂ ನಡೆದೀತು.

ಇಲ್ಲಿ ಒಂದು ಸಂದೇಹ ಹುಟ್ಟುವುದು ಸಹಜ. ಮೈಸೂರು ಆಗ ಮಾದರಿ ಸಂಸ್ಥಾನವೆಂದು ಹೆಸರಾಗಿದ್ದಿತು. ಕನ್ನಂಬಾಡಿಯ ಕಟ್ಟೆ, ಶಿವನಸಮುದ್ರದ ವಿದ್ಯುಚ್ಛಕ್ತಿ, ಭದ್ರಾವತಿಯ ಕಬ್ಬಿಣ, ವಿಶ್ವವಿದ್ಯಾನಿಲಯ ಇವೆಲ್ಲವೂ ಇದ್ದವು. ಇಷ್ಟು ಚೆನ್ನಾಗಿ ನಡೆಯುತ್ತಿದ್ದ ರಾಜ್ಯದಲ್ಲಿ ಜನರು ಏಕೆ ಎದ್ದರು? ೧೯೩೦ರ ಸುಮಾರಿನಲ್ಲಿ ಜಗತ್ತಿನಾದ್ಯಂತ ಧಾರಣೆಗಳು ಕುಸಿದು ನಮ್ಮ ಸೀಮೆಯ ರೇಷ್ಮೆ ಬೆಳೆಯುವವರೂ ನಷ್ಟಕ್ಕೆ ಸಿಕ್ಕಿದ್ದು ಒಂದು ಕಾರಣ. ಪಕ್ಕದ ಬ್ರಿಟಿಷ್ ಪ್ರಾಂತಗಳಲ್ಲಿ ೧೯೩೭ರಲ್ಲಿ ಜನರು ಆರಿಸಿದ ಮಂತ್ರಿಗಳು ಅಧಿಕಾರಕ್ಕೆ ಬಂದದ್ದು ಇನ್ನೊಂದು. ಇವೆರಡಕ್ಕಿಂತಲೂ ಆಳವಾದುದು ಮತ್ತೊಂದಿದೆ. ಒಳ್ಳೆಯ ಆಡಳಿತವು ಮಕ್ಕಳನ್ನು ಓದಿಸುತ್ತದೆ. ಓದಿದ ಮಕ್ಕಳು ತಮ್ಮ ಮನೆಯ ಲೆಕ್ಕವನ್ನು ತಾವೇ ನೋಡಬೇಕೆನ್ನುತ್ತಾರೆ. ಮಾದರಿ ಸಂಸ್ಥಾನವು ತನ್ನ ಯಶಸ್ಸಿನಿಂದಲೇ ತನ್ನ ಹಳೆಯ ರಾಜ್ಯಾಂಗವನ್ನು ಹಳತಾಗಿಸಿಕೊಂಡಿತು.

೧೯೩೭ರಲ್ಲಿ ಹಳ್ಳಿಗಾಡಿನ ಮುಖಂಡರಿದ್ದ ಪ್ರಜಾಸಂಯುಕ್ತ ಪಕ್ಷವು ಕಾಂಗ್ರೆಸ್ಸಿನೊಡನೆ ಒಂದಾಯಿತು. ಪಟ್ಟಣದ ಮಾತಿಗೆ ಹಳ್ಳಿಯ ಬಲ ಬಂದಿತು. ೧೯೩೮ರ ಏಪ್ರಿಲ್ ತಿಂಗಳಿನಲ್ಲಿ, ಚನ್ನಪಟ್ಟಣವನ್ನು ದಾಟಿ ಮೈಸೂರಿನ ದಾರಿಯಲ್ಲಿ ಸಿಕ್ಕುವ ಮದ್ದೂರಿನ ಬಳಿಯ ಶಿವಪುರದಲ್ಲಿ, ಮೈಸೂರು ಕಾಂಗ್ರೆಸ್ಸಿನ ಅಧಿವೇಶನ ನೆರೆಯಿತು. ಅಧ್ಯಕ್ಷರು ಟಿ. ಸಿದ್ಧಲಿಂಗಯ್ಯನವರು. ತ್ರಿವರ್ಣಧ್ವಜವನ್ನು ಏರಿಸಕೂಡದೆಂಬ ಸರ್ಕಾರದ ಆಜ್ಞೆಯನ್ನು ಮೀರಿ ಏಪ್ರಿಲ್ ೧೧ರಂದು ಧ್ವಜವನ್ನೇರಿಸಿ ಮುಖಂಡರು ಸೆರೆಗೆ ಹೋದರು. ಅದೇ ತಿಂಗಳ ೨೫ರಂದು ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ ನೆರೆದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಮಡಿದವರು ೩೨ ಮಂದಿಯೆಂದು ಜನರು ನೆನೆಯುತ್ತಾರೆ. ಸರ್ಕಾರದ ಲೆಕ್ಕವು ಅದಕ್ಕಿಂತ ಬಹಳ ಕಡಿಮೆ. ಸರ್ದಾರ್ ಪಟೇಲರೂ ಆಚಾರ್ಯ ಕೃಪಲಾನಿಯವರೂ ಬೆಂಗಳೂರಿಗೆ ಬಂದು ದಿವಾನ್ ಸರ್ ಮಿರ್ಜಾ ಇಸ್ಮಾಯಿಲರೊಡನೆ ಮಾತುಕತೆ ನಡೆಸಿ ಒಂದು ಒಪ್ಪಂದವನ್ನು ಮಾಡಿಸಿದರು. ಸಂಸ್ಥಾನದ ಧ್ವಜದೊಡನೆ ಕಾಂಗ್ರೆಸ್ಸಿನ ಧ್ವಜಕ್ಕೂ ಸ್ಥಾನ ದೊರೆಯಿತು.

ಕೆ. ಆರ್. ಶ್ರೀನಿವಾಸಯ್ಯಂಗಾರ್ಯರ ಅಧ್ಯಕ್ಷತೆಯ ರಾಜ್ಯಾಂಗ ಸುಧಾರಣಾ ಸಮಿತಿಯು ಆಗಲೇ ಕೆಲಸಕ್ಕೆ ತೊಡಗಿದ್ದಿತು. ಅದರ ಫಲವಾಗಿ ಬಂದುದು ೧೯೪೦ರ ಮೈಸೂರು ಸರ್ಕಾರದ ಶಾಸನ. ಇದು ಮೂರನೆಯ ಬರವಣಿಗೆ. ಪ್ರಜಾಪ್ರತಿನಿಧಿ ಸಭೆಗೆ ೩೧೦ ಸದಸ್ಯರಾದರು. ನ್ಯಾಯವಿಧಾಯಕ ಸಭೆಗೆ ೬೮. ದಿವಾನರ ಮಂತ್ರಿಮಂಡಲದಲ್ಲಿ ಚುನಾಯಿತರಾದ ಸದಸ್ಯರಿಗೂ ಕೆಲವು ಸ್ಥಾನಗಳು ದೊರೆತವು. ಆದರೆ ಆ ಮಂತ್ರಿಗಳು ಸಭೆಗೆ ಹೊಣೆಗಾರರಲ್ಲ. ಸಭೆಯು ಆರಿಸಿದವರಲ್ಲ, ಸಭೆಯು ಇಳಿಸಬಹುದಾದವರೂ ಅಲ್ಲ. ಜನರು ಕೇಳಿದ್ದು ಹೊಣೆ. ಸರ್ಕಾರವು ಕೊಟ್ಟದ್ದು ಇನ್ನಷ್ಟು ಕುರ್ಚಿ. ಆ ವರ್ಷದ ಆಗಸ್ಟ್ ೩ರಂದು ನಾಲ್ವಡಿಯವರು ಸ್ವರ್ಗಸ್ಥರಾದರು. ಎರಡು ವರ್ಷಗಳೊಳಗೆ ಕ್ವಿಟ್ ಇಂಡಿಯಾ ಚಳವಳಿಯು ಮೈಸೂರನ್ನೂ ಹೊಕ್ಕಿತು. ಶಿವಮೊಗ್ಗ ಜಿಲ್ಲೆಯ ಈಸೂರು ತನ್ನ ಸರ್ಕಾರವನ್ನು ತಾನೇ ಘೋಷಿಸಿಕೊಂಡಿತು. ಗಲಭೆಯಲ್ಲಿ ಅಧಿಕಾರಿಗಳು ಹತರಾದರು. ೧೯೪೩ರಲ್ಲಿ ಐವರು ಗಲ್ಲಿಗೇರಿದರು. ಅರಿಕೆಯ ಸಭೆ ಹುಟ್ಟಿ ೬೦ ವರ್ಷವಾಗಿದ್ದ ನಾಡಿನಲ್ಲಿ ಇದು ನಡೆಯಿತೆಂಬುದು ಯೋಚಿಸತಕ್ಕ ವಿಷಯ.

೧೯೪೭ರ ಆಗಸ್ಟ್ ೧೫ರಂದು ಭಾರತವು ಸ್ವತಂತ್ರವಾಯಿತು. ಮೈಸೂರು ಭಾರತಕ್ಕೆ ಸೇರಲು ಜಯಚಾಮರಾಜೇಂದ್ರ ಒಡೆಯರವರು ಅದಕ್ಕೆ ಮೊದಲೇ ಒಪ್ಪಿ ಸಹಿ ಮಾಡಿದ್ದರು. ಆದರೆ ಸಂಸ್ಥಾನದೊಳಗೆ ಜವಾಬ್ದಾರಿ ಸರ್ಕಾರ ಬಂದಿರಲಿಲ್ಲ. ಬ್ರಿಟಿಷರ ಧ್ವಜವು ಇಳಿದ ಮೇಲೆಯೂ ದಿವಾನರ ಆಡಳಿತವೇ ನಡೆದಿದ್ದಿತು. ಸೆಪ್ಟೆಂಬರ್ ತಿಂಗಳಿನಲ್ಲಿ 'ಮೈಸೂರು ಚಲೋ' ಆರಂಭವಾಯಿತು. ಸೆರೆಮನೆಗಳು ತುಂಬಿದವು. ಮೈಸೂರಿನಲ್ಲಿ ರಾಮಸ್ವಾಮಿಯೆಂಬ ವಿದ್ಯಾರ್ಥಿಯು ಗುಂಡಿಗೆ ಬಲಿಯಾದನು. ಆ ನಗರದ ಒಂದು ವೃತ್ತವು ಅವನ ಹೆಸರನ್ನು ಹೊತ್ತಿದೆ. ಅಕ್ಟೋಬರ್ ತಿಂಗಳಿನಲ್ಲಿ ಒಪ್ಪಂದವಾಗಿ ಕೆ. ಸಿ. ರೆಡ್ಡಿಯವರು ಮುಖ್ಯಮಂತ್ರಿಗಳಾದರು. ನಾಡಿನ ರಾಜ್ಯಾಂಗವನ್ನು ರಚಿಸಲು ಮೈಸೂರಿನದೇ ಒಂದು ರಾಜ್ಯಾಂಗ ರಚನಾ ಸಭೆಯನ್ನು ಚುನಾಯಿಸುವುದೆಂದು ಅದೇ ತಿಂಗಳಲ್ಲಿ ಘೋಷಣೆಯೂ ಹೊರಟಿತು.

ಇನ್ನು ಕಥೆಯ ಅತ್ಯಂತ ವಿಚಿತ್ರವಾದ ಭಾಗ. ಜನರು ಸೆರೆ ಕಂಡು, ಗುಂಡು ತಿಂದು ಪಡೆದ ಆ ಸಭೆಯು ತನ್ನದೇ ಆದ ರಾಜ್ಯಾಂಗವನ್ನು ಬರೆದು ಮುಗಿಸಲೇ ಇಲ್ಲ. ೧೯೪೯ರ ಮೇ ತಿಂಗಳಿನಲ್ಲಿ ದೆಹಲಿಯಲ್ಲಿ ಸಂಸ್ಥಾನಗಳ ಮುಖ್ಯಮಂತ್ರಿಗಳು ಸೇರಿ, ಒಂದೊಂದು ಸಂಸ್ಥಾನಕ್ಕೂ ಬೇರೆ ರಾಜ್ಯಾಂಗ ಅವಶ್ಯವಿಲ್ಲ, ಭಾರತದ ರಾಜ್ಯಾಂಗವೇ ಎಲ್ಲಕ್ಕೂ ಸಾಕು ಎಂಬ ನಿರ್ಧಾರಕ್ಕೆ ಬಂದರು. ಮೈಸೂರಿನ ಸಭೆಯು ಅದನ್ನೊಪ್ಪಿತು. ನವೆಂಬರ್ ೨೫ರಂದು ಮಹಾರಾಜರು ಭಾರತದ ರಾಜ್ಯಾಂಗವು ಮೈಸೂರಿಗೂ ಅನ್ವಯಿಸುವುದೆಂದು ಘೋಷಿಸಿದರು. ಮರುದಿನ ದೆಹಲಿಯ ಸಭೆಯು ಅದನ್ನು ಅಂಗೀಕರಿಸಿತು. ಡಿಸೆಂಬರ್ ೧೬ರಂದು ಪ್ರಜಾಪ್ರತಿನಿಧಿ ಸಭೆಯೂ ನ್ಯಾಯವಿಧಾಯಕ ಸಭೆಯೂ ವಿಸರ್ಜಿತವಾದವು. ೬೮ ವರ್ಷ ಬಾಳಿದ ಅರಿಕೆಯ ಸಭೆಯು ಹೀಗೆ ಸದ್ದಿಲ್ಲದೆ ಮುಗಿಯಿತು. ರಾಜ್ಯಾಂಗವನ್ನು ಬರೆಯಲೆಂದು ಬಂದವರು ೧೯೫೨ರ ಚುನಾವಣೆಯ ವರೆಗೆ ಶಾಸನಸಭೆಯಾಗಿ ಕೆಲಸ ಮಾಡಿದರು.

ಇದನ್ನು ಸೋಲೆನ್ನಬೇಕೆ, ಗೆಲವೆನ್ನಬೇಕೆ? ನಮ್ಮ ಅಭಿಪ್ರಾಯದಲ್ಲಿ ಇದು ಗೆಲವು. ಹೊಸ ರಾಜ್ಯಾಂಗದ ಕರಡನ್ನು ಸಿದ್ಧಪಡಿಸಿದ ಡಾಕ್ಟರ್ ಅಂಬೇಡ್ಕರವರ ಸಮಿತಿಯಲ್ಲಿ ಮೈಸೂರಿನ ಮಾಜಿ ದಿವಾನ್ ಎನ್. ಮಾಧವರಾಯರೂ ಇದ್ದರು. ೧೯೪೧ರಿಂದ ೧೯೪೬ರ ವರೆಗೆ ಸಭೆಗೆ ಹೊಣೆಗಾರರಾಗದೆ ದಿವಾನಗಿರಿಯನ್ನು ನಡೆಸಿದವರೇ ಮಂತ್ರಿಗಳನ್ನು ಸಭೆಗೆ ಹೊಣೆಗಾರರನ್ನಾಗಿಸುವ ಬರಹಕ್ಕೆ ಕೈಕೂಡಿಸಿದರು. ಹಿಂದಿನ ಮೂರು ಬರಹಗಳೂ ತಪ್ಪಿಸಿಕೊಂಡಿದ್ದ ಎರಡನೆಯ ಪ್ರಶ್ನೆಗೆ ಇಲ್ಲಿ ನೇರವಾದ ಉತ್ತರವಿದೆ. ಆಸ್ತಿಯಿಲ್ಲದವನಿಗೂ ಓದಿಲ್ಲದವಳಿಗೂ ಮತವಿದೆ. ೧೯೫೨ರ ಚುನಾವಣೆಯಲ್ಲಿ ಕೂಲಿಯವನ ಚೀಟಿಗೂ ಜಮೀನ್ದಾರನ ಚೀಟಿಗೂ ಒಂದೇ ತೂಕ ಬಂದಿತು.

ಆದರೆ ಈ ಗೆಲವಿನಲ್ಲಿಯೂ ಒಂದು ಕೊರತೆಯುಂಟೆಂದು ಆ ಹೊತ್ತಿನಲ್ಲಿಯೇ ಎದ್ದು ಹೇಳಿದವರು ನಮ್ಮ ಸೀಮೆಯವರು. ರಾಮನಗರದ ಬಳಿಯ ಲಕ್ಕಪ್ಪನಹಳ್ಳಿಯಲ್ಲಿ ೧೯೦೮ರಲ್ಲಿ ಹುಟ್ಟಿದ ಕೆಂಗಲ್ ಹನುಮಂತಯ್ಯನವರು ಪ್ರಜಾಪ್ರತಿನಿಧಿ ಸಭೆಯಲ್ಲಿ ಕಾಂಗ್ರೆಸ್ ಪಕ್ಷದ ಮುಂದಾಳಾಗಿದ್ದು, ಮುಂದೆ ದೆಹಲಿಯ ರಾಜ್ಯಾಂಗ ಸಭೆಗೆ ಮೈಸೂರಿನ ಪ್ರತಿನಿಧಿಗಳಾಗಿ ಹೋದರು. ೧೯೪೯ರ ನವೆಂಬರಿನಲ್ಲಿ ಕರಡಿನ ಕೊನೆಯ ಚರ್ಚೆ ನಡೆಯುತ್ತಿದ್ದಾಗ, ತಾವು ಬಯಸಿದ್ದು ವೀಣೆಯ ನಾದ, ಕೇಳಬಂದದ್ದು ಇಂಗ್ಲಿಷ್ ಬ್ಯಾಂಡಿನ ವಾದ್ಯ ಎಂಬರ್ಥದ ಮಾತನ್ನು ಅವರು ಆಡಿದರು. ಗಾಂಧೀಜಿಯವರ ಆಶಯದಂತೆ ಗ್ರಾಮದಿಂದ ಮೇಲಕ್ಕೆ ಕಟ್ಟಬೇಕಾಗಿದ್ದ ಮನೆಯನ್ನು ದೆಹಲಿಯಿಂದ ಕೆಳಕ್ಕೆ ಕಟ್ಟಲಾಗಿದೆಯೆಂಬುದು ಅವರ ಕೊರಗು. ಅವರು ಬೇಡವೆಂದು ಹೊರನಡೆಯಲಿಲ್ಲ. ಕೊರತೆಯನ್ನು ಹೇಳಿ, ಅದೇ ರಾಜ್ಯಾಂಗದ ಕೆಳಗೆ ೧೯೫೨ರಲ್ಲಿ ಮೈಸೂರಿನ ಮುಖ್ಯಮಂತ್ರಿಗಳಾದರು. ಬೆಂಗಳೂರಿನ ವಿಧಾನಸೌಧವು ಅವರ ಕಾಲದ ಕಾರ್ಯ.

ಈ ನಡತೆಯ ಬೆಲೆಯನ್ನು ತಿಳಿಯಬೇಕಾದರೆ ನಮ್ಮ ಕಾಲದ ಇನ್ನೊಂದು ದೇಶದ ಕಡೆಗೆ ಒಮ್ಮೆ ನೋಡುವುದು ಒಳ್ಳೆಯದು. ದಕ್ಷಿಣ ಅಮೆರಿಕದ ಚಿಲಿ ದೇಶದಲ್ಲಿ ೨೦೧೯ರ ಅಕ್ಟೋಬರಿನಲ್ಲಿ ನಗರದ ರೈಲಿನ ಟಿಕೆಟ್ಟಿಗೆ ೩೦ ಪೆಸೋ ಏರಿಸಿದ್ದರಿಂದ ಕಿಡಿ ಹೊತ್ತಿತು. ಪಿಂಚಣಿ, ವೈದ್ಯ, ವಿದ್ಯೆಗಳ ದುಬಾರಿಯಿಂದ ಬೆಂದಿದ್ದ ಜನರು, ಸೈನಿಕ ಸರ್ವಾಧಿಕಾರದ ಕಾಲದಲ್ಲಿ, ೧೯೮೦ರಲ್ಲಿ, ಬರೆದ ರಾಜ್ಯಾಂಗವೇ ತಮ್ಮ ಕಷ್ಟದ ಮೂಲವೆಂದು ಬೀದಿಗಿಳಿದರು. ೨೦೨೦ರ ಜನಮತಗಣನೆಯಲ್ಲಿ ನೂರಕ್ಕೆ ೭೮ ಮಂದಿ ಹೊಸ ರಾಜ್ಯಾಂಗ ಬೇಕೆಂದರು. ೧೫೫ ಮಂದಿಯ ಸಭೆಯು ಬರೆದು ಕೊಟ್ಟ ಕರಡನ್ನು ೨೦೨೨ರಲ್ಲಿ ನೂ‌ರಕ್ಕೆ ೬೨ ಮಂದಿ ತಿರಸ್ಕರಿಸಿದರು. ಬೇರೊಂದು ಸಭೆಯ ಎರಡನೆಯ ಕರಡೂ ೨೦೨೩ರಲ್ಲಿ ತಿರಸ್ಕೃತವಾಯಿತು. ಹಳೆಯ ರಾಜ್ಯಾಂಗವೇ ಉಳಿಯಿತು. ಅತೃಪ್ತಿಯಲ್ಲಿ ಒಂದಾದವರು ಬರಹದಲ್ಲಿ ಒಂದಾಗಲಿಲ್ಲ. ಬೇಡವೆನ್ನುವುದಕ್ಕೆ ಎಲ್ಲರ ಬಾಯಿಯೂ ಒಂದಾಗಬಹುದು; ಬೇಕೆನ್ನುವುದನ್ನು ಬರೆಯಲು ಹೊರಟಾಗ ಒಬ್ಬೊಬ್ಬನ ಕೈಯೂ ಬೇರೆಯಾಗುತ್ತದೆ.

ಭಾರತವು ಹಿಡಿದ ದಾರಿ ಬೇರೆ. ಪೂರ್ತಿಯಾಗಿ ಹರಿದು ಬರೆಯುವ ಬದಲು ತಿದ್ದುತ್ತ ಬರುವ ಬಾಗಿಲನ್ನು ಅದು ರಾಜ್ಯಾಂಗದೊಳಗೇ ಇರಿಸಿಕೊಂಡಿತು. ಕನ್ನಡಿಗರ ಅತೃಪ್ತಿಗಳೂ ಆ ಬಾಗಿಲಿನಿಂದಲೇ ಒಳಕ್ಕೆ ಹೋಗಿವೆ. ಹಲವು ಆಡಳಿತಗಳಲ್ಲಿ ಹರಿದು ಹಂಚಿಹೋಗಿದ್ದ ಕನ್ನಡ ನಾಡು ೧೯೫೬ರ ನವೆಂಬರ್ ೧ರಂದು ಒಂದಾದಾಗ, ಅದರೊಡನೆ ಏಳನೆಯ ತಿದ್ದುಪಡಿಯು ರಾಜಪ್ರಮುಖರ ಪದವಿಯನ್ನು ತೆಗೆದುಹಾಕಿತು. ಬೀದರ, ಕಲಬುರಗಿ, ರಾಯಚೂರುಗಳ ಕಡೆಯ ಜನರು ತಾವು ಹಿಂದುಳಿದೆವೆಂದು ದಶಕಗಳ ಕಾಲ ಕೂಗಿದುದರ ಫಲವಾಗಿ ೨೦೧೨ರಲ್ಲಿ ೯೮ನೆಯ ತಿದ್ದುಪಡಿಯಿಂದ ೩೭೧-ಜೆ ವಿಧಿಯು ಸೇರಿತು. ಹನುಮಂತಯ್ಯನವರ ಕೊರಗಿಗೂ ತಡವಾಗಿಯಾದರೂ ಉತ್ತರ ಬಂದಿತು. ಆ ಮಾತಿಗೆ ೪೩ ವರ್ಷ ಕಳೆದ ಮೇಲೆ, ೧೯೯೨ರಲ್ಲಿ, ೭೩ನೆಯ ತಿದ್ದುಪಡಿಯು ಗ್ರಾಮಪಂಚಾಯತಿಗೆ ರಾಜ್ಯಾಂಗದಲ್ಲಿ ಭದ್ರವಾದ ಸ್ಥಾನವನ್ನು ಕೊಟ್ಟಿತು.

ಆದರೆ ಸ್ಥಾನ ದೊರೆತ ಮಾತ್ರಕ್ಕೆ ವೀಣೆ ನುಡಿಯುವುದಿಲ್ಲ. ಗ್ರಾಮಸಭೆ ಸೇರಿದಾಗ ಅಲ್ಲಿಗೆ ಹೋಗುವವರು ಎಷ್ಟು ಮಂದಿ? ಹೋದವರಲ್ಲಿ ಲೆಕ್ಕವನ್ನು ಕೇಳುವವರು ಎಷ್ಟು? ನಮ್ಮಲ್ಲಿ ಅನೇಕರು ಇಂದಿಗೂ ಅರ್ಜಿ ಹಿಡಿದು ಕೈಮುಗಿದು ನಿಲ್ಲುತ್ತಾರೆ. ಕೆಲಸವಾದರೆ ಅದು ಅಧಿಕಾರಸ್ಥನ ದಯೆ, ಆಗದಿದ್ದರೆ ತಮ್ಮ ಹಣೆಬರಹ ಎಂದುಕೊಳ್ಳುತ್ತಾರೆ. ಎಂದರೆ ಪುಸ್ತಕದಲ್ಲಿ ೧೯೫೦ ಬಂದಿದೆ, ಮನಸ್ಸಿನಲ್ಲಿ ೧೮೮೧ ಇನ್ನೂ ಮುಗಿದಿಲ್ಲ. ರಾಜ್ಯಾಂಗವನ್ನು ಹೊಸದಾಗಿ ಬರೆಯಬೇಕೆಂದು ಅಲ್ಲಲ್ಲಿ ಕೇಳಿಬರುವ ಮಾತಿಗೆ ನಮ್ಮ ಉತ್ತರ ಇಷ್ಟೆ: ನಮ್ಮ ಹಿರಿಯರು ಅರಿಕೆಯಿಂದ ಹೊಣೆಯ ವರೆಗೆ ನಡೆದು ಬರಲು ೭೦ ವರ್ಷ ಹಿಡಿಯಿತು, ಹಲವರ ಪ್ರಾಣವೂ ಹೋಯಿತು. ಅವರು ಗಳಿಸಿಕೊಟ್ಟ ಹೊಣೆಯನ್ನು ನಮ್ಮ ಹೋಬಳಿಯ ಪಂಚಾಯತಿಯ ಚಾವಡಿಯಲ್ಲಿ ಮೊದಲು ಕೇಳಿ ಪಡೆಯೋಣ. ಅಲ್ಲಿ ಕೇಳಲು ಬಾರದವರಿಗೆ ಎಷ್ಟು ಸಲ ಹೊಸದಾಗಿ ಬರೆದರೂ ಪ್ರಯೋಜನವಿಲ್ಲ. ಅಲ್ಲಿ ಕೇಳಬಲ್ಲವರಿಗೆ ಈಗ ಇರುವ ಬರಹವೇ ಬಹಳ ದೂರದ ವರೆಗೆ ದಾರಿ ತೋರಿಸೀತು.